ರುಚಿ ವಹಿಯ ಒಂದು ಸಾಲು

ನಮ್ಮೂರು ಸಾರಿ-ಬೆಲ್‌ನ ಶಾಲೆಯ ಅಡುಗೆಮನೆಯಲ್ಲಿ ಪಾತ್ರೆಗಳಿಗಿಂತ ವಹಿಗಳೇ ಹೆಚ್ಚು. ದೊಡ್ಡ ಹಂಡೆ ಮೂರು, ಬಾಣಲೆ ಎರಡು, ನೆಟ್ಟಗಿರುವ ಸೌಟು ಒಂದೇ ಒಂದು. ವಹಿಗಳು ಮಾತ್ರ ಹನ್ನೊಂದು. ಫ್ರಿಜ್ಜು ಎಷ್ಟು ತಣ್ಣಗಿದೆ ಎಂದು ದಿನಕ್ಕೆ ಮೂರು ಸಲ ಬರೆಯಲು ಒಂದು, ಅಡುಗೆಯವರ ಕೈಯಲ್ಲಿ ಹುಣ್ಣು ಬೊಕ್ಕೆ ಇಲ್ಲ ಎಂದು ಬರೆಯಲು ಇನ್ನೊಂದು, ಮಕ್ಕಳ ಪಾನಕಕ್ಕೆ ಎಷ್ಟು ಚಿಟಿಕೆ ವಿಟಮಿನ್ ಪುಡಿ ಬಿತ್ತು ಎಂದು ಬರೆಯಲು ಮತ್ತೊಂದು. ಒಂದರಿಂದ ನಾಲ್ಕನೇ ತರಗತಿಯವರೆಗಿನ ನೂರಾ ಹನ್ನೆರಡು ಮಕ್ಕಳಿಗೆ ಸರ್ಕಾರ ಬಿಸಿಯೂಟ ಕೊಡುತ್ತದೆ. ಕೊಟ್ಟಿದ್ದಕ್ಕೆ ಪ್ರತಿಯಾಗಿ ಅದು ಕೇಳುವುದು ಕಾಗದ. ಮಗು ಉಂಡಿತೋ ಇಲ್ಲವೋ ಎಂದು ಕೇಳಲು ಇಷ್ಟು ವರ್ಷದಲ್ಲಿ ಒಬ್ಬರೂ ಬಂದಿಲ್ಲ. ಉಂಡಿತು ಎಂದು ಬರೆದಿದೆಯೋ ಇಲ್ಲವೋ ನೋಡಲು ಮಾತ್ರ ವರ್ಷಕ್ಕೆ ನಾಲ್ಕು ಸಲ ಕಾರು ಬರುತ್ತದೆ.

ಈ ವಹಿಗಳ ನಡುವೆ ಹತ್ತೊಂಬತ್ತು ವರ್ಷ ಬೇಯಿಸಿದವಳು ಸಾಲ್ಕಿನ್. ಐವತ್ತಾರರ ಗಿಡ್ಡ ಹೆಂಗಸು, ಹಂಡೆ ಎತ್ತಿ ಎತ್ತಿ ಅಗಲವಾದ ಭುಜ, ತಲೆಗೆ ಯಾವಾಗಲೂ ಬಿಳಿ ವಸ್ತ್ರ. ಊರಿನ ಚಿಕ್ಕವರಿಗೆಲ್ಲ ಅವಳು ಸಾಲ್ಕಿನ್ ಎಜೆ, ಅಂದರೆ ಅಕ್ಕ. ಮಾತು ಒರಟು, ಕೈ ಧಾರಾಳ. ತಟ್ಟೆಯಲ್ಲಿ ಬಿಟ್ಟು ಏಳುವ ಮಗುವನ್ನು ಹೆಗಲು ಹಿಡಿದು ಕೂರಿಸುವಳು, ಕೇಳಿ ಬಂದ ಮಗುವಿಗೆ ಎರಡನೇ ಸಲ ಬಡಿಸುವಳು. ಎರಡನೇ ಸಲ ಬಡಿಸಲು ಯಾವ ವಹಿಯಲ್ಲೂ ಜಾಗವಿಲ್ಲ ಎಂದು ಯಾರಾದರೂ ನೆನಪಿಸಿದರೆ, "ವಹಿಗೆ ಹಸಿವಾದಾಗ ಹೇಳು, ಅದಕ್ಕೂ ಬಡಿಸ್ತೀನಿ" ಎನ್ನುವಳು.

ಅವಳನ್ನು ಸತ್ಯಸಂಧಳು ಎಂದು ಹೊಗಳಿ ಕೂರಿಸುವ ಇರಾದೆ ನನಗಿಲ್ಲ. ಚಳಿಗಾಲದಲ್ಲಿ ನಾಲ್ಕು ನಾಲ್ಕು ದಿನ ಕರೆಂಟು ಇಲ್ಲದಾಗಲೂ ಫ್ರಿಜ್ಜಿನ ವಹಿಯಲ್ಲಿ 'ನಾಲ್ಕು ಡಿಗ್ರಿ' ಎಂದು ಮೂರು ಹೊತ್ತೂ ಬರೆದವಳು ಅವಳೇ. ತನ್ನ ಕೈಯನ್ನು ತಾನೇ ಪರೀಕ್ಷಿಸಿ 'ಆರೋಗ್ಯ' ಎಂದು ತಿಂಗಳಿಗಾಗುವಷ್ಟು ಒಂದೇ ಸಲ ಗೀಚಿಡುವವಳೂ ಅವಳೇ. ಅಂಥದ್ದಕ್ಕೆಲ್ಲ ಅವಳ ನಿದ್ದೆ ಕೆಡುತ್ತಿರಲಿಲ್ಲ. ಒಂದೇ ಒಂದು ವಹಿಯಲ್ಲಿ ಮಾತ್ರ ಅವಳು ಸುಳ್ಳು ಬರೆದವಳಲ್ಲ. ಅದು ರುಚಿಯ ವಹಿ.

ರುಚಿಯ ವಹಿಯ ನಿಯಮ ಹೀಗಿದೆ. ಮಕ್ಕಳಿಗೆ ಬಡಿಸುವ ಅರ್ಧ ಗಂಟೆ ಮುಂಚೆ ಮುಖ್ಯೋಪಾಧ್ಯಾಯ, ಶಾಲೆಯ ನರ್ಸು, ಅಡುಗೆಯವಳು, ಈ ಮೂವರೂ ಪ್ರತಿಯೊಂದು ಅಡುಗೆಯನ್ನೂ ಬಾಯಿಗೆ ಹಾಕಿ ನೋಡಬೇಕು. ಬಣ್ಣ, ವಾಸನೆ, ರುಚಿ ಹೇಗಿದೆ ಎಂದು ಬರೆದು 'ಬಡಿಸಬಹುದು' ಎಂದು ಮೂರು ಸಹಿ ಹಾಕಬೇಕು. ಬರೆದವನು ಯಾರೋ ಹೊಟ್ಟೆ ತುಂಬಿದ ಮಹಾನುಭಾವನೇ ಇರಬೇಕು, ಆದರೂ ನಿಯಮ ಒಳ್ಳೆಯದೇ. ಮುಖ್ಯೋಪಾಧ್ಯಾಯ ಎಸೆನ್‌ಬೆಕ್ ಅಡುಗೆಮನೆಗೆ ರುಚಿ ನೋಡಲು ಬಂದದ್ದು ಒಂದೇ ಸಲ, ಅದೂ ಪತ್ರಿಕೆಯವರು ಫೋಟೋ ತೆಗೆಯಲು ಬಂದ ದಿನ. ನರ್ಸು ದಾಮಿರಾ ಪ್ರತಿ ಶುಕ್ರವಾರ ಬಂದು, ಐದು ದಿನದ ಸಹಿಯನ್ನು ನಿಂತ ನಿಲುವಿನಲ್ಲೇ ಹಾಕಿ, ಒಂದು ಬ್ರೆಡ್ಡಿನ ಅಂಚು ಮುರಿದುಕೊಂಡು ಹೋಗುತ್ತಿದ್ದಳು. ಸಾಲ್ಕಿನ್ ಮಾತ್ರ ದಿನಾ ಸೌಟಿನ ಬೆನ್ನನ್ನು ಅಂಗೈಗೆ ಒತ್ತಿ, ನೆಕ್ಕಿ, ಒಂದು ಗಳಿಗೆ ಸುಮ್ಮನೆ ನಿಂತು, ಆಮೇಲೆ ಬರೆಯುತ್ತಿದ್ದಳು.

ಅದಕ್ಕೊಂದು ಕಾರಣವಿತ್ತು. ಹತ್ತೊಂಬತ್ತನೇ ವಯಸ್ಸಿನಲ್ಲಿ ಅವಳು ಸಾಮೂಹಿಕ ಬೇಸಾಯದ ಕಾಲದ ಉಣ್ಣೆ ಕತ್ತರಿಸುವ ತಂಡಕ್ಕೆ ಅಡುಗೆ ಮಾಡುತ್ತಿದ್ದಳು. ಮೇಲಿನ ಹುಲ್ಲುಗಾವಲಿನಲ್ಲಿ ಒಂದು ಜುಲೈ ತಿಂಗಳು ಕುರಿಮಾಂಸ ಕೆಡತೊಡಗಿತ್ತು. ಹುಡುಗಿ ಹಿಂಜರಿದಳು. ತಂಡದ ಮುಖ್ಯಸ್ಥ, "ಈರುಳ್ಳಿ ಜಾಸ್ತಿ ಹಾಕು, ಮಹಾರಾಣಿ" ಎಂದ. ಅವಳು ಹಾಕಿದಳು. ನಲವತ್ತು ಮಂದಿ ಮೂರು ದಿನ ಗುಡಾರದ ಹಿಂದೆ ವಾಂತಿ ಮಾಡಿಕೊಂಡು ಬಿದ್ದಿದ್ದರು. ಕುಲಿಪಾ ಎಂಬ ಹೊಸ ಮದುವೆಯ ಹೆಂಗಸಿನ ಹೊಟ್ಟೆಯಲ್ಲಿದ್ದ ಕೂಸು ಹೋಯಿತು. ವರದಿಯಲ್ಲಿ 'ಬಿಸಿಲಿನ ಹೊಡೆತ' ಎಂದು ಬರೆದರು, ಸಾಲ್ಕಿನ್ ಕೆಳಗೆ ಸಹಿ ಹಾಕಿದಳು. ಮೂವತ್ತೇಳು ವರ್ಷವಾಗಿದೆ. ಈಗಲೂ ಕುಲಿಪಾ ಎದುರು ಬಂದರೆ ಸಾಲ್ಕಿನ್ ರಸ್ತೆ ದಾಟಿ ಆ ಕಡೆಗೆ ಹೋಗುತ್ತಾಳೆ.

ಈ ವರ್ಷದ ಫೆಬ್ರುವರಿಯಲ್ಲಿ ಶಾಲೆಗೆ ಕೋಳಿ ಬಂತು. ಸರಬರಾಜಿಗೆ ಹೊಸಬನೊಬ್ಬ ಸೇರಿಕೊಂಡಿದ್ದ. ಜಿಲ್ಲಾ ಕಚೇರಿಯಲ್ಲಿ ದೊಡ್ಡ ಕುರ್ಚಿಯಲ್ಲಿ ಕೂತವನ ಹೆಂಡತಿಯ ತಮ್ಮನಂತೆ. ಮಂಗಳವಾರ ಅವನ ವ್ಯಾನು ಬಂದು ನಾಲ್ಕು ಪೆಟ್ಟಿಗೆ ಕೋಳಿತೊಡೆ ಇಳಿಸಿ, ಎಂಜಿನ್ನು ಕೂಡ ಆರಿಸದೆ ಹೊರಟುಹೋಯಿತು. ಜೊತೆಗೆ ಬಂದ ಕಾಗದಗಳು ಬಲು ಚೆಂದ: ಆರೋಗ್ಯ ಪತ್ರ, ಗುಣಮಟ್ಟದ ಪತ್ರ, ಗುಂಡನೆಯ ನೀಲಿ ಮುದ್ರೆ. ಮಂಜುಗಡ್ಡೆ ಕಟ್ಟಿದ್ದ ತನಕ ಕೋಳಿಯೂ ಚೆಂದವೇ.

ಬುಧವಾರ ಬೆಳಿಗ್ಗೆ ಅದು ಕರಗಿತು. ಸಹಾಯಕಿ ಬುರ್ಮಾ ತೊಟ್ಟಿಯ ಮುಂದೆ ಕೂತು ಒಂದೊಂದೇ ತೊಡೆಯನ್ನು ಎತ್ತಿ ನೋಡುತ್ತಿದ್ದಳು. ಬುರ್ಮಾ ಮೂವತ್ತರ ಹೆಂಗಸು, ಒಂಬತ್ತು ವರ್ಷದಿಂದ ಸಾಲ್ಕಿನ್ ಕೈಕೆಳಗೆ ಆಲೂಗಡ್ಡೆ ಹೆರೆಯುತ್ತಿದ್ದವಳು. ಚುರುಕು ಕೈ, ಮುದ್ದಾದ ಬರವಣಿಗೆ, ಮೊಲದಷ್ಟು ಧೈರ್ಯ.

"ಎಜೆ, ಮೂಳೆ ಪಕ್ಕ ಹಸಿರಾಗಿದೆ ಇದು."

ಸಾಲ್ಕಿನ್ ಬಂದು ಬಗ್ಗಿದಳು. ಬಗ್ಗುವುದೇ ಬೇಕಿರಲಿಲ್ಲ. ಚರ್ಮ ಜಾರಿ ಬೆರಳಿಗೆ ಲೋಳೆಯಂತೆ ಅಂಟಿತು. ವಾಸನೆ ಮೂಗಿನೊಳಗೆ ಹೋಗಿ ಗಂಟಲಲ್ಲಿ ಕೂತಿತು.

"ಮುಚ್ಚು. ಮತ್ತೆ ಫ್ರೀಜರಿಗೆ ಹಾಕು, ಎಲ್ಲರೂ ಬಂದು ನೋಡ್ಲಿ," ಎಂದಳು. "ಹಿಟ್ಟು ತಗೊಂಡು ಬಾ. ಅಟಾಲಾ ಮಾಡೋಣ."

"ಆರನೇ ದಿನದ ಪಟ್ಟೀಲಿ ಕೋಳಿ ಇದೆ ಎಜೆ. ಅಟಾಲಾ ಪಟ್ಟೀಲೇ ಇಲ್ಲ."

"ಪಟ್ಟಿಗೆ ಮೂಗಿಲ್ಲ. ನಿನಗಿದೆಯಲ್ಲ? ತಗೊಂಡು ಬಾ."

ಹತ್ತು ದಿನದ ಊಟದ ಪಟ್ಟಿ ಜಿಲ್ಲಾ ಕಚೇರಿಯಿಂದಲೇ ಬರುತ್ತದೆ, ಅದನ್ನು ಬದಲಿಸಲು ಮಹಜರು ಬರೆದು ಮೂವರು ಸಹಿ ಮಾಡಬೇಕು. ಸಾಲ್ಕಿನ್ ಮಹಜರಿಗೆ ಕಾಯಲಿಲ್ಲ. ಬೆಣ್ಣೆಯಲ್ಲಿ ಹಿಟ್ಟು ಹುರಿದು, ನೀರು ಹಾಲು ಸುರಿದು, ಗಂಟಾಗದಂತೆ ಕದಡಿ, ನೂರಾ ಹನ್ನೆರಡು ಮಕ್ಕಳಿಗೂ ಬಿಸಿ ಬಿಸಿ ಅಟಾಲಾ ಕೊಟ್ಟಳು. ಮಕ್ಕಳು ತಟ್ಟೆ ನೆಕ್ಕಿದರು. ಅವರು ಹೋದಮೇಲೆ ಕೈ ಒರೆಸಿಕೊಂಡು ರುಚಿಯ ವಹಿ ತೆಗೆದು, ಕೋಳಿಯ ಎದುರು ಬರೆದಳು: 'ಕೊಳೆತ ವಾಸನೆ. ಮೂಳೆ ಹಸಿರು. ಬಡಿಸಬಾರದು.' ಕೆಳಗೆ ತನ್ನ ಸಹಿ.

ಆ ವಹಿ ಹುಟ್ಟಿದಂದಿನಿಂದ ಅದರಲ್ಲಿ 'ಬಡಿಸಬಾರದು' ಎಂದು ಯಾರೂ ಬರೆದಿರಲಿಲ್ಲ. ಹತ್ತೊಂಬತ್ತು ವರ್ಷದಲ್ಲಿ ಸೀದ ಗಂಜಿಯನ್ನು, ಉಪ್ಪಾದ ಸಾರನ್ನು ಸಾಲ್ಕಿನ್ ಸರಿಮಾಡಿಯೇ ಬಡಿಸಿದ್ದಳು. ಇದು ಸರಿಮಾಡುವಂಥದ್ದಲ್ಲ.

ಮಧ್ಯಾಹ್ನ ಕಳೆಯುವಷ್ಟರಲ್ಲಿ ಎಸೆನ್‌ಬೆಕ್ ಓಡಿಬಂದ. ಇತಿಹಾಸದ ಮೇಷ್ಟ್ರು, ಅವನನ್ನು ಎಲ್ಲರೂ ಅಗಾಯ್ ಎನ್ನುತ್ತಾರೆ, ಮೇಷ್ಟ್ರಿಗೆ ನಮ್ಮಲ್ಲಿನ ಮಾತು ಅದು. ಕೆಟ್ಟವನೆಂದು ಹೇಳಲಾರೆ. ದೊಡ್ಡವರ ಹೆಸರು ಕೇಳಿದರೆ ಬೆನ್ನು ತಾನಾಗಿ ಬಾಗುವ ಜಾತಿ. ಇಂಥವರನ್ನು ನೋಡಿದರೆ ನನಗೆ ಕೆಟ್ಟವರ ಮೇಲೇ ಗೌರವ ಹುಟ್ಟುತ್ತದೆ.

"ಎಜೆ, ಏನು ಮಾಡಿಬಿಟ್ರಿ ನೀವು? ಸೋಮವಾರ ತಪಾಸಣೆ! ಚೋಲ್ಪೊನ್ ಮೇಡಂ ಬರ್ತಾ ಇದಾರೆ. ಈ ಸಾಲು ನೋಡಿದ್ರೆ ಯಾರ ಕೋಳಿ ಅಂತ ಕೇಳ್ತಾರೆ. ಯಾರ ಕೋಳಿ ಅಂತ ನಾನು ಬಾಯಿ ಬಿಟ್ಟು ಹೇಳ್ಲಾ?"

"ಹೇಳಿ ಅಗಾಯ್. ಬಾಯಿ ಇರೋದು ಅದಕ್ಕೆ ತಾನೇ."

"ನಂಗೆ ಮೂರು ಮಕ್ಳು ಎಜೆ."

"ನಂಗೆ ನೂರಾ ಹನ್ನೆರಡು."

ಅವನು ವಹಿಯನ್ನು ತೆಗೆದುಕೊಂಡು ಕಿಟಕಿ ಬಳಿ ಹೋದ. ಆ ಹಾಳೆ ಹರಿದು ಬಿಸಾಕುವ ಯೋಚನೆ ಮುಖದಲ್ಲೇ ಓದಬಹುದಿತ್ತು. ಆದರೆ ಹರಿಯುವಂತಿರಲಿಲ್ಲ. ನಮ್ಮ ಕಡೆಯ ವಹಿಗಳಿಗೆ ಪ್ರತಿ ಪುಟಕ್ಕೂ ನಂಬರು, ಎಲ್ಲ ಪುಟ ತೂರಿ ಹೊಲಿದ ದಾರ, ದಾರದ ಗಂಟಿನ ಮೇಲೆ ಅಂಟಿಸಿದ ಚೀಟಿ, ಚೀಟಿಯ ಮೇಲೆ ಅರ್ಧ, ರಟ್ಟಿನ ಮೇಲೆ ಅರ್ಧ ಬರುವಂತೆ ಕಚೇರಿಯ ಮುದ್ರೆ. ಒಂದು ಹಾಳೆ ಕಿತ್ತರೂ ಗೊತ್ತಾಗುತ್ತದೆ. ಸುಳ್ಳು ಹೇಳದಂತೆ ಕಾಯಲು ಇಷ್ಟೆಲ್ಲ ಬೀಗ ಹಾಕಿದ್ದಾರೆ. ಪಾಪ, ಅದರೊಳಗೆ ಮೊದಲಿಂದಲೂ ತುಂಬಿಕೊಂಡಿದ್ದದ್ದು ಸುಳ್ಳೇ.

ಹಾಗಾಗಿ ಎಸೆನ್‌ಬೆಕ್ ಆ ಒಂದು ಸಾಲು ಅಳಿಸಲು ಇಡೀ ವರ್ಷವನ್ನೇ ಹೊಸದಾಗಿ ಬರೆಸಲು ಹೊರಟ. ಗುರುವಾರ ಜಿಲ್ಲಾ ಕೇಂದ್ರಕ್ಕೆ ಹೋಗಿ ಖಾಲಿ ವಹಿಗೆ ದಾರ ಹಾಕಿಸಿ ಮುದ್ರೆ ಒತ್ತಿಸಿಕೊಂಡು ಬಂದ. ಶುಕ್ರವಾರ ಪಾಠ ಮುಗಿದ ಮೇಲೆ ಶಿಕ್ಷಕರ ಕೋಣೆಯಲ್ಲಿ ಬುರ್ಮಾಳನ್ನೂ ದಾಮಿರಾಳನ್ನೂ ಕೂರಿಸಿದ. ಸಾಲ್ಕಿನ್‌ಳನ್ನೂ ಕರೆದರು. ಅವಳು ಬಂದು ಬಾಗಿಲಿಗೊರಗಿ ನಿಂತಳು, ಕೂರಲಿಲ್ಲ.

ಅಂಥ ಕೆಲಸವನ್ನು ಎಷ್ಟು ಶ್ರದ್ಧೆಯಿಂದ ಮಾಡಿದರು ಅಂತೀರಿ! ದಾಮಿರಾ ಐದು ಬೇರೆ ಬೇರೆ ಪೆನ್ನು ತಂದಿದ್ದಳು, ಬೇರೆ ಬೇರೆ ದಿನ ಬರೆದಂತೆ ಕಾಣಲಿ ಎಂದು. ಸೆಪ್ಟೆಂಬರ್ ಒಂದರಿಂದ ಶುರು. ಗೋಡೆಯ ಕ್ಯಾಲೆಂಡರು ನೋಡಿ ದಾಮಿರಾ ತಾರೀಖು ಹೇಳುವಳು, ಹತ್ತು ದಿನದ ಪಟ್ಟಿ ನೋಡಿ ಎಸೆನ್‌ಬೆಕ್ ಊಟ ಹೇಳುವನು, ಬುರ್ಮಾ ಬರೆಯುವಳು. 'ರುಚಿ ಚೆನ್ನಾಗಿದೆ. ಬಡಿಸಬಹುದು.' 'ರುಚಿ ಚೆನ್ನಾಗಿದೆ. ಬಡಿಸಬಹುದು.' ಪುಟ ಹೊಸದಾಗಿ ಹೊಳೆಯುತ್ತಿದೆ ಎಂದು ದಾಮಿರಾ ಚಹಾದ ಲೋಟದ ತಳವನ್ನು ಅಕ್ಟೋಬರಿನ ಮೇಲೆ ಒತ್ತಿದಳು. ಎಣ್ಣೆ ಬಟ್ಟಲಲ್ಲಿ ಬೆರಳದ್ದಿ ನವೆಂಬರಿನ ಅಂಚಿಗೆಲ್ಲ ಸವರಿದಳು. ಆಸ್ಪತ್ರೆಯಲ್ಲಿ ಗಾಯ ತೊಳೆಯುವಾಗ ಕೂಡ ಅವಳು ಇಷ್ಟು ಜೋಪಾನ ಮಾಡಿದವಳಲ್ಲ.

ಜನವರಿ ಬಂತು. ಮೈನಸ್ ಮೂವತ್ತಾರು ಡಿಗ್ರಿಯ ಚಳಿಗೆ ಆ ತಿಂಗಳು ಮೂರು ದಿನ ಶಾಲೆಗೆ ಬೀಗ ಬಿದ್ದಿತ್ತು. ಗೋಡೆಯ ಕ್ಯಾಲೆಂಡರಿಗೆ ಅದು ಗೊತ್ತಿಲ್ಲ. ಬುರ್ಮಾ ಮುದ್ದಾದ ಅಕ್ಷರದಲ್ಲಿ ಆ ಮೂರು ದಿನವೂ ಪ್ಲೋವ್ ಅನ್ನ, ಬೋರ್ಶ್ ಸಾರು, ಗ್ರೆಚ್ಕಾ ಗಂಜಿ ಬಡಿಸಿದಳು. ನೂರಾ ಹನ್ನೆರಡು ಮಕ್ಕಳು ಬೀಗ ಹಾಕಿದ ಶಾಲೆಯೊಳಗೆ ಕೂತು ಉಂಡರು, ರುಚಿಯೂ ಚೆನ್ನಾಗಿತ್ತು. ಸಾಲ್ಕಿನ್ ನೋಡಿದಳು. ಹೇಳಲಿಲ್ಲ.

"ಎಜೆ, ನಿಮ್ಮ ಸಹಿ," ಎಂದ ಎಸೆನ್‌ಬೆಕ್, ಪೆನ್ನು ಚಾಚಿ.

"ನಂದು ಹಳೇ ವಹೀಲಿದೆ."

"ಹಟ ಮಾಡಬೇಡಿ. ನಿಮಗೆ ನಿವೃತ್ತಿಗೆ ಎರಡೇ ವರ್ಷ."

"ಅಗಾಯ್, ನಾನು ಒಂದು ಕೇಳ್ತೀನಿ. ಬರ್ಕೊಳ್ಳಿ, ಏನು ಬೇಕಾದ್ರೂ ಬರ್ಕೊಳ್ಳಿ. ಆ ಕೋಳಿ ಏನು ಮಾಡ್ತೀರಿ?"

ಎಸೆನ್‌ಬೆಕ್ ಪೆನ್ನಿನ ಮುಚ್ಚಳ ಹಾಕಿದ, ತೆಗೆದ.

"ಸೋಮವಾರ ಒಂಬತ್ತನೇ ದಿನ. ಪಟ್ಟೀಲಿ ಕೋಳಿ. ಮೇಡಂ ಬಂದಾಗ ಪಟ್ಟೀಲಿದ್ದದ್ದೇ ತಟ್ಟೇಲಿರಬೇಕು. ವಿನೆಗರಲ್ಲಿ ಚೆನ್ನಾಗಿ ತೊಳೀರಿ. ಈರುಳ್ಳಿ ಸ್ವಲ್ಪ ಜಾಸ್ತಿ ಹಾಕಿ."

ಈರುಳ್ಳಿ ಎಂಬ ಮಾತು ಕಿವಿಗೆ ಬಿದ್ದಾಗ ಸಾಲ್ಕಿನ್‌ಳ ಮೈಯೆಲ್ಲ ಉರಿದುಹೋಯಿತು. ಮೂವತ್ತೇಳು ವರ್ಷ, ಒಂದು ದೇಶ ಹೋಗಿ ಇನ್ನೊಂದು ಬಂತು, ಬಾವುಟ ಬದಲಾಯಿತು, ಹಣದ ಮೇಲಿನ ಚಿತ್ರ ಬದಲಾಯಿತು. ಇವರ ಈರುಳ್ಳಿ ಮಾತ್ರ ಹಾಗೇ ಇದೆ.

"ಬಡಿಸಲ್ಲ," ಎಂದಳು.

"ನೀವು ಬಡಿಸದಿದ್ರೆ ಬುರ್ಮಾ ಬಡಿಸ್ತಾಳೆ."

ಬುರ್ಮಾ ತಲೆ ಎತ್ತಲಿಲ್ಲ. ಒಂದು ಚೂರು ಕಾಗದದ ಮೇಲೆ ಸಾಲ್ಕಿನ್‌ಳ ಸಹಿಯನ್ನು ಅಭ್ಯಾಸ ಮಾಡುತ್ತಿದ್ದಳು. ಮೂರನೆಯದಕ್ಕೇ ಸರಿಯಾಗಿ ಬಂತು. ಹಳೆಯ ವಹಿಯನ್ನು ಎಸೆನ್‌ಬೆಕ್ ಕಂಕುಳಲ್ಲಿ ಇಟ್ಟುಕೊಂಡು ಬಾಯ್ಲರ್ ಕೋಣೆಗೆ ಹೋದ, ಬರುವಾಗ ಕೈ ಖಾಲಿಯಿತ್ತು.

ಶನಿವಾರ ಭಾನುವಾರ ಎರಡೂ ದಿನ ಸಾಲ್ಕಿನ್‌ಳ ಮುಂದಿದ್ದದ್ದು ಒಂದೇ ಚಿಂತೆ. ವಹಿ ಹೋಯಿತು, ಹೋಗಲಿ. ತನ್ನ ಹೆಸರಿನಲ್ಲಿ ತೊಂಬತ್ತು ಸುಳ್ಳು ಸಹಿ ಬಿದ್ದಿದೆ, ಬೀಳಲಿ. ಆ ನಾಲ್ಕು ಪೆಟ್ಟಿಗೆ ಕೋಳಿ ಮಕ್ಕಳ ಹೊಟ್ಟೆಗೆ ಹೋಗಬಾರದು.

ಸೋಮವಾರ ಬೆಳಿಗ್ಗೆ ಆರಕ್ಕೇ ಹೋಗಿ ಅಡುಗೆಮನೆಯ ಬೀಗ ತೆಗೆದಳು. ನಾಲ್ಕೂ ಪೆಟ್ಟಿಗೆಯನ್ನು ದೊಡ್ಡ ತೊಟ್ಟಿಗೆ ಸುರಿದು ಬಿಸಿನೀರು ಹೊಯ್ದಳು. ಎಂಟು ಗಂಟೆಗೆ ಬುರ್ಮಾ ಬಂದು ಬಾಗಿಲಲ್ಲೇ ಮೂಗಿಗೆ ತಲೆವಸ್ತ್ರದ ತುದಿ ಒತ್ತಿಕೊಂಡಳು. ಸಾಲ್ಕಿನ್ ಅವಳ ಕಡೆ ನೋಡದೆ, ಸಾರಿಗೆ ಕತ್ತರಿಸಿ ಹಾಕುವ ಶಾವಿಗೆಗೆಂದು ಹಿಟ್ಟು ನಾದುತ್ತಿದ್ದಳು, ಒಲೆಯ ಮೇಲೆ ದೊಡ್ಡ ಹಂಡೆಯಲ್ಲಿ ಆಲೂಗಡ್ಡೆ ಈರುಳ್ಳಿ ಕುದಿಯುತ್ತಿತ್ತು.

"ಕೆಸ್ಮೆ ಮಾಡ್ತಿದೀರಾ ಎಜೆ? ಇವತ್ತು ಕೋಳಿ ಅಲ್ವಾ?"

"ಕೋಳಿಯೂ ಇದೆ," ಎಂದು ಪಕ್ಕದ ಒಲೆ ತೋರಿಸಿದಳು. ಒಂದು ಪುಟ್ಟ ಪಾತ್ರೆಯಲ್ಲಿ ಮೂರು ತೊಡೆ ಬೇಯುತ್ತಿದ್ದವು. "ಪಟ್ಟೀಲಿ ಹೇಳಿದ ಹಾಗೇ ಮಾಡಿದೀನಿ. ಇಷ್ಟು ಉಪ್ಪು, ಇಷ್ಟು ಹೊತ್ತು. ವಿನೆಗರಲ್ಲೂ ತೊಳೆದಿದೀನಿ."

ಚೋಲ್ಪೊನ್ ಮೇಡಂ ಹತ್ತು ಗಂಟೆಗೆ ಬಂದರು. ಸೀದಾ ಅಡುಗೆಮನೆಗೆ ಬರಲಿಲ್ಲ, ಎಸೆನ್‌ಬೆಕ್‌ನ ಕೋಣೆಯಲ್ಲಿ ವಹಿಗಳ ಮುಂದೆ ಕೂತರು. ಒಂದು ಗಂಟೆಯ ಮೇಲೆ ಹೊರಬಂದಾಗ ಮುಖ ಅರಳಿತ್ತು. "ರುಚಿ ವಹಿ ಇಷ್ಟು ಶುದ್ಧವಾಗಿ ಇಟ್ಟಿರೋದು ನಾನು ಇಡೀ ಜಿಲ್ಲೇಲಿ ನೋಡಿಲ್ಲ ಅಗಾಯ್. ಒಂದು ದಿನ ಬಿಟ್ಟಿಲ್ಲ!" ಎನ್ನುತ್ತಾ ಎಸೆನ್‌ಬೆಕ್, ದಾಮಿರಾ ಇಬ್ಬರ ಜೊತೆ ಊಟದ ಮನೆಗೆ ಬಂದರು. ಬೀಗ ಬಿದ್ದ ಮೂರು ದಿನವೂ ಆ ಮೆಚ್ಚುಗೆಯಲ್ಲಿ ಸೇರಿತ್ತು. ವಹಿ ಮೇಡಂ ಕೈಯಲ್ಲೇ ಇತ್ತು, ಆ ದಿನದ ಸಾಲು ಆಗಲೇ ತುಂಬಿ ಎರಡು ಸಹಿ ಬಿದ್ದಿತ್ತು: 'ಕೋಳಿ, ಗ್ರೆಚ್ಕಾ. ರುಚಿ ಚೆನ್ನಾಗಿದೆ.'

ಸಾಲ್ಕಿನ್ ಒಂದು ತಟ್ಟೆ ಹಿಡಿದು ಬಂದಳು. ಅಧಿಕಾರಿಗಳಿಗೆಂದು ಇಟ್ಟಿದ್ದ ಬಿಳಿ ಪಿಂಗಾಣಿ ತಟ್ಟೆ. ಅದರ ಮೇಲೆ ಬೆಂದ ಮೂರು ತೊಡೆ, ಪಕ್ಕದಲ್ಲಿ ಬ್ರೆಡ್ಡು. ಮೇಜಿನ ನಡುವೆ ಇಟ್ಟಳು. ವಾಸನೆ ಅವಳಿಗಿಂತ ಮೊದಲೇ ಬಂದಿತ್ತು.

"ಬಾಯಿಗೆ ಮುಟ್ಟಿಸಿ," ಎಂದಳು.

ನಮ್ಮೂರಲ್ಲಿ ಆ ಮಾತಿಗೆ ಇಲ್ಲ ಎನ್ನುವವರಿಲ್ಲ. ದಾರಿಯಲ್ಲಿ ಹೋಗುವವನು ಬಾಗಿಲಲ್ಲಿ ನಿಂತು ಮಾತಾಡಿದರೂ ಒಳಗಿಂದ ಬ್ರೆಡ್ಡು ತಂದು ಹಿಡಿಯುತ್ತಾರೆ. ಒಂದು ಚೂರಾದರೂ ಮುರಿದು ಬಾಯಿಗಿಡದೆ ಹೋದರೆ ಆ ಮನೆಗೆ ಕೆಡುಕು ಬಯಸಿದಂತೆ. ಜಗಳ ಆಡಿ ಎದ್ದವನೂ ಬಾಯಿಗೆ ಮುಟ್ಟಿಸಿಯೇ ಹೊಸಿಲು ದಾಟುತ್ತಾನೆ.

ಎಸೆನ್‌ಬೆಕ್ ಬೆವರಿದ. "ಎಜೆ, ಆಮೇಲೆ ನೋಡೋಣ. ಮನೇಲಿ ಊಟಕ್ಕೆ ಹೇಳಿದೀನಿ ಮೇಡಂಗೆ."

"ಗೊತ್ತು, ಕುರಿ ಕೊಯ್ದಿದೀರಿ ಅಂತ ಬೀದೀಗೆಲ್ಲ ವಾಸನೆ ಬರ್ತಿದೆ. ಅದು ನಿಮ್ಮ ಮನೆ ಊಟ. ಇದು ಸರ್ಕಾರದ್ದು. ನಿಯಮ ಇದೆ ಅಗಾಯ್, ಅರ್ಧ ಗಂಟೆ ಮುಂಚೆ ಮೂವರೂ ತಿನ್ನಬೇಕು. ಇನ್ನೂ ಮೂವತ್ತೈದು ನಿಮಿಷ ಇದೆ. ತಿನ್ನಿ."

"ನಾನು ಕೋಳಿ ತಿನ್ನಲ್ಲ, ಅಲರ್ಜಿ," ಎಂದಳು ದಾಮಿರಾ.

"ನಿನ್ನ ಮದುವೇಲಿ ಎರಡು ತೊಡೆ ತಿಂದೆ, ನಾನೇ ಬಡಿಸಿದ್ದು. ಅಲರ್ಜಿ ಯಾವಾಗ ಬಂತು? ಶುಕ್ರವಾರವಾ?"

ಚೋಲ್ಪೊನ್ ಮೇಡಂ ಕರವಸ್ತ್ರ ತೆಗೆದು ಮೂಗಿನ ಹತ್ತಿರ ಹಿಡಿದರು, ನೆಗಡಿ ಇದ್ದವರಂತೆ. ಒಳ್ಳೆಯ ಶಾಲು, ಒಳ್ಳೆಯ ಬೂಟು, ವಿದ್ಯಾವಂತ ಮುಖ. ಸಾಲ್ಕಿನ್ ಅವರ ಕಡೆ ತಟ್ಟೆ ಸರಿಸಿದಳು.

"ಮೇಡಂ, ನೀವಾದ್ರೂ."

"ನಾನು ಕಾಗದ ನೋಡೋಕೆ ಬಂದವಳು ಎಜೆ. ಕೋಳಿ ನೋಡೋದು ಬೇರೆ ಇಲಾಖೆ."

"ಮೂಗು ಇಲ್ಲೇ ಇದೆಯಲ್ಲ ಮೇಡಂ. ಅದು ಯಾವ ಇಲಾಖೇದು?"

ಮೇಡಂ ಬಾಗಿಲಾಚೆ ನೋಡಿದರು. ಪಡಸಾಲೆಯಲ್ಲಿ ಒಂದನೇ ತರಗತಿಯ ಮಕ್ಕಳು ಆಗಲೇ ಕೈ ತೊಳೆಯಲು ಸಾಲು ನಿಂತು ಒಬ್ಬರ ಮೇಲೊಬ್ಬರು ನೀರು ಎರಚುತ್ತಿದ್ದರು. ಮೂವರು ವಿದ್ಯಾವಂತರು ಮೇಜಿನ ಸುತ್ತ ನಿಂತಿದ್ದರು. ಬ್ರೆಡ್ಡಿಗೆ ಕೂಡ ಯಾರೂ ಕೈ ಹಾಕಲಿಲ್ಲ. ಸಾಲ್ಕಿನ್‌ಗೆ ಸಿಟ್ಟಿಗಿಂತ ಅಸಹ್ಯವೇ ಹೆಚ್ಚಾಯಿತು. ಕೊಳೆತ ಕೋಳಿಯ ಮೇಲೆ ಕೂಡ ಅವಳಿಗೆ ಅಷ್ಟು ಅಸಹ್ಯ ಆಗಿರಲಿಲ್ಲ. ಕೋಳಿ ಸತ್ತ ಮೇಲೆ ಕೊಳೆತದ್ದು.

"ನೀವು ಮೂರು ಜನ ಮೂಸಕ್ಕೂ ಆಗದ್ದನ್ನ ನೂರಾ ಹನ್ನೆರಡು ಮಕ್ಳು ತಿನ್ನಬೇಕು. ಥೂ!"

ತಿರುಗಿ ಅಡುಗೆಮನೆಗೆ ಹೋದಳು. ಮೂಲೆಯಲ್ಲಿ ಕಕ್ಕಸು ತೊಳೆಯಲು ಇಟ್ಟಿದ್ದ ಬ್ಲೀಚಿಂಗ್ ಪುಡಿಯ ಚೀಲವಿತ್ತು. ಅದನ್ನು ಎದೆಗವಚಿ ಎತ್ತಿ ತಂದು, ತೊಟ್ಟಿಯ ಕೋಳಿಯ ಮೇಲೆ ಬುಡ ಮೇಲು ಮಾಡಿದಳು. ಬಿಳಿ ಹೊಗೆ ಎದ್ದಿತು. ಬುರ್ಮಾ ಕೆಮ್ಮುತ್ತಾ ಹೊರಗೋಡಿದಳು. ಸಾಲ್ಕಿನ್ ಕಣ್ಣಲ್ಲಿ ನೀರು ಸುರಿಯುತ್ತಿದ್ದರೂ ಸೌಟು ತೆಗೆದುಕೊಂಡು ತಳದಿಂದ ಮೇಲಕ್ಕೆ ತಿರುವಿದಳು, ಒಂದು ಚೂರೂ ಉಳಿಯಬಾರದು ಎಂದು. ಆಮೇಲೆ ಕಿಟಕಿಗಳನ್ನು ತೆರೆದು, ಕೈಯನ್ನು ಮೊಣಕೈವರೆಗೆ ಎರಡು ಸಲ ತೊಳೆದು, ಕೆಸ್ಮೆಯ ಹಂಡೆಯನ್ನು ಊಟದ ಮನೆಗೆ ಎಳೆದುಕೊಂಡು ಬಂದು ಬಡಿಸಿದಳು.

ಮಕ್ಕಳು ಉಂಡರು. ಕೆಲವರು ಎರಡನೇ ಸಲ ಕೇಳಿದರು. ಚೋಲ್ಪೊನ್ ಮೇಡಂ ಅಷ್ಟು ಹೊತ್ತಿಗೆ ಎಸೆನ್‌ಬೆಕ್‌ನ ಮನೆಯಲ್ಲಿ ಕುರಿಯ ಮುಂದೆ ಕೂತಿದ್ದರು.

ತಪಾಸಣೆಯಾದ ಎಂಟನೇ ದಿನ ಆದೇಶ ಬಂತು. ಎಸೆನ್‌ಬೆಕ್ ಅದನ್ನು ಓದಿ ಹೇಳಲಿಲ್ಲ, ಮೇಜಿನ ಮೇಲೆ ತಳ್ಳಿದ. ಸಾಲ್ಕಿನ್ ಕನ್ನಡಕ ಹಾಕಿಕೊಂಡು ಓದಿದಳು. ಕೋಳಿ ಎಂಬ ಮಾತು ಅದರಲ್ಲಿ ಎಲ್ಲೂ ಇರಲಿಲ್ಲ. ಮಂಜೂರಾದ ಪಟ್ಟಿಯಲ್ಲಿ ಇಲ್ಲದ ಕೆಸ್ಮೆ ಎಂಬ ಆಹಾರವನ್ನು, ಸಮಿತಿ ರುಚಿ ನೋಡದೆ, ವಹಿಯಲ್ಲಿ ನಮೂದಿಸದೆ ಮಕ್ಕಳಿಗೆ ಬಡಿಸಿದ್ದಕ್ಕಾಗಿ ಅಡುಗೆಯವಳನ್ನು ಕೆಲಸದಿಂದ ತೆಗೆದಿದೆ.

"ರುಚಿ ನೋಡ್ದೆ," ಎಂದಳು ಸಾಲ್ಕಿನ್, ಆ ಸಾಲಿನ ಮೇಲೆ ಬೆರಳಿಟ್ಟು. "ನಾನು. ರುಚಿ ನೋಡ್ದೆ ಬಡಿಸಿದೆನಂತೆ."

"ನಾನು ಬರೆದದ್ದಲ್ಲ ಎಜೆ. ಮೇಲಿಂದ ಬಂದದ್ದು."

"ಮೇಲಿಂದ ಮಳೇನೂ ಬರುತ್ತೆ ಅಗಾಯ್. ಅದಕ್ಕೆ ಯಾರೂ ಸಹಿ ಹಾಕಿರಲ್ಲ."

ಅವನು 'ಓದಿದ್ದೇನೆ' ಎಂದು ಸಹಿ ಹಾಕಲು ಪೆನ್ನು ಕೊಟ್ಟ. ಸಾಲ್ಕಿನ್ ಹಾಕಿದಳು, ಆ ಒಂದು ಮಾತು ನಿಜವಾಗಿತ್ತಲ್ಲ. ಬಿಳಿ ವಸ್ತ್ರ, ಮನೆಯಿಂದ ತಂದಿದ್ದ ಲಟ್ಟಣಿಗೆ, ಎರಡು ಚಾಕು ಗಂಟು ಕಟ್ಟಿಕೊಂಡು ಮನೆಗೆ ಹೋದಳು. ಊರಿನವರು ಮರುದಿನದಿಂದ ಮನೆಗೆ ಬಂದು ಅಯ್ಯೋ ಎಂದರು. ಶಾಲೆಯ ಮೆಟ್ಟಿಲು ಹತ್ತಿ ಎಸೆನ್‌ಬೆಕ್‌ನ ಮುಂದೆ ಅಯ್ಯೋ ಎಂದವರು ಒಬ್ಬರೂ ಇಲ್ಲ. ನಾನೂ ಹೋಗಲಿಲ್ಲ, ಸುಮ್ಮನೆ ಯಾಕೆ ದೊಡ್ಡ ಮಾತು.

ಬುರ್ಮಾ ಮುಖ್ಯ ಅಡುಗೆಯವಳಾದಳು. ದಾರಿಯಲ್ಲಿ ಸಾಲ್ಕಿನ್ ಕಂಡರೆ ತಲೆ ತಗ್ಗಿಸಿಕೊಂಡು ಬೇಲಿಯ ಪಕ್ಕ ಸರಿಯುತ್ತಿದ್ದಳು.

ಮಾರ್ಚಿನ ನಡುವೆ ಒಂದು ಬೆಳಿಗ್ಗೆ, ಸಾಲ್ಕಿನ್ ಹಸು ಕರೆದು ಬಕೆಟ್ಟು ಹಿಡಿದು ಬರುವಾಗ, ಬುರ್ಮಾ ಬಾಗಿಲ ಮುಂದೆ ನಿಂತಿದ್ದಳು. ಅಂಗಿಯೊಳಗಿಂದ ಪತ್ರಿಕೆಯಲ್ಲಿ ಸುತ್ತಿದ ಒಂದು ಪೊಟ್ಟಣ ತೆಗೆದಳು.

"ಬೈಯಿರಿ ಎಜೆ, ಹೊಡೀರಿ, ಆಮೇಲೆ ಏನಾದ್ರೂ ಮಾಡಿ. ನಿನ್ನೆ ವ್ಯಾನು ಬಂತು. ಮೊದಲು ಇದೊಂದು ಮೂಸಿ ನೋಡಿ."

"ನಿನಗೆ ಮೂಗಿಲ್ವಾ?"

"ಇದೆ. ಧೈರ್ಯ ಇಲ್ಲ. ಅವರು ಚೆನ್ನಾಗಿದೆ ಅಂದ್ರೆ ನನ್ನ ಮೂಗೂ ಚೆನ್ನಾಗಿದೆ ಅನ್ನತ್ತೆ. ರಾತ್ರಿಯೆಲ್ಲ ನಿದ್ದೆ ಬಂದಿಲ್ಲ ಎಜೆ. ನನ್ನ ಮಗಳೂ ಈ ವರ್ಷ ಒಂದನೇ ಕ್ಲಾಸು."

ಸಾಲ್ಕಿನ್ ಬಕೆಟ್ಟು ಕೆಳಗಿಟ್ಟಳು. ತನ್ನ ಸಹಿಯನ್ನು ಮೂರೇ ಸಲಕ್ಕೆ ಕಲಿತ ಆ ಬೆರಳುಗಳನ್ನು ನೋಡಿದಳು. ಬಾಗಿಲು ಹಾಕಿಬಿಡೋಣ ಅನ್ನಿಸಿತು. ಆದರೂ ಪೊಟ್ಟಣ ಬಿಚ್ಚಿ, ಮೂಳೆಯ ಹತ್ತಿರ ಹೆಬ್ಬೆರಳಿನಿಂದ ಒತ್ತಿ, ಮೂಗಿಗೆ ಹಿಡಿದಳು.

"ಎಷ್ಟಿದೆ?"

"ಮೂರು ಪೆಟ್ಟಿಗೆ."

"ಮೂರೂ ಹೂತುಬಿಡು. ಹೊಳೆಗೆ ಹಾಕ್ಬೇಡ. ಶಾಲೆ ಹಿಂದೆ ಆಳವಾಗಿ ತೋಡಿಸಿ ಮಣ್ಣು ಮುಚ್ಚು. ಮಕ್ಳಿಗೆ ಅಟಾಲಾ ಕದಡು, ಹಿಟ್ಟು ಸಣ್ಣ ಉರೀಲಿ ಹುರಿ, ನೀನು ಯಾವಾಗಲೂ ಆತುರ ಮಾಡ್ತೀಯ."

"ಹೂಂ ಎಜೆ." ಬುರ್ಮಾ ಹ್ಯಾಪು ಮೋರೆ ಹಾಕಿಕೊಂಡು ಅಲ್ಲೇ ನಿಂತಳು. "ವಹೀಲಿ ಏನಂತ ಬರೀಲಿ?"

ಸಾಲ್ಕಿನ್ ಪತ್ರಿಕೆಯನ್ನು ಮತ್ತೆ ಸುತ್ತಿ ಅವಳ ಕೈಗೆ ಕೊಟ್ಟಳು.

"ಕೋಳಿ ಅಂತ ಬರಿ. ನೂರಾ ಹನ್ನೆರಡು ಮಕ್ಳು ತಿಂದ್ರು ಅಂತ ಬರಿ."

"ರುಚಿ ಕಾಲಂಗೆ?"

"ಚೆನ್ನಾಗಿತ್ತು ಅಂತ ಬರಿ," ಎಂದು ಸಾಲ್ಕಿನ್ ಅತ್ತ ತಿರುಗಿ ಉಗುಳಿ, ಕೈ ತೊಳೆಯಲು ಹೋದಳು.